ಐದನೇ ಪೆಟ್ಟಿಗೆ

"ಇದು ಯಾವ ಸದ್ದು, ಗುಬ್ಬಿ?"

ಗುಬ್ಬಿ ಅಕ್ಷರದ ಕಾರ್ಡು ನೋಡಲಿಲ್ಲ, ಅಮ್ಮನ ಮುಖ ನೋಡಿದಳು. ಆಮೇಲೆ ತಲೆಯಾಡಿಸಿ, "ಗೊತ್ತಿಲ್ಲ" ಎಂದಳು.

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಕಣ್ಣೊರೆಸಿಕೊಂಡರು. ಓದು ಕಲಿಸುವ ನಾಲ್ಕನೇ ಪೆಟ್ಟಿಗೆಯೂ ಕೈಕೊಟ್ಟಿತ್ತು.

ಗುಬ್ಬಿಗೆ ನಾಲ್ಕು ವರ್ಷ. ಸ್ಕೂಲಿಗೆ ಹೋದರೆ ಮಗು ಹಾಳಾಗುತ್ತದೆ, ಓದು ಮನೆಯಲ್ಲೇ ಆಗಬೇಕೆಂದು ಅಮ್ಮ ಪಟ್ಟು ಹಿಡಿದಿದ್ದಳು. ಹಿಡಿದ ಮೇಲೆ, ಸದ್ದಿನಿಂದ ಇಂಗ್ಲಿಷ್ ಓದು ಕಲಿಸುವ ಫೋನಿಕ್ಸ್ ಎಂಬ ಭೂತ ಮೆಟ್ಟಿಕೊಂಡಿತು. ಅಕ್ಷರದ ಹೆಸರು ಬೇಡ, ಸದ್ದು ಕಲಿಸಿ ಎಂದಿತು ಹಳದಿ ಪೆಟ್ಟಿಗೆ. ಸದ್ದಿನ ಜೊತೆ ಕುಣಿಸಿ ಎಂದಿತು ಹಸಿರು. ಕುಣಿಸಿದರೆ ಮಿದುಳಿಗೆ ಗೊಂದಲ, ಒರಟು ಕಾಗದದ ಅಕ್ಷರ ಸವರಿಸಿ ಎಂದಿತು ನೀಲಿ. ಬಿಳಿ ಪೆಟ್ಟಿಗೆಯಲ್ಲಿ ಬಟ್ಟೆಯ ಹಾವೊಂದು ಬಂದಿತ್ತು. ಅದರಿಂದ "ಸ್ಸ್" ಕಲಿತದ್ದು ಅಪ್ಪ ಮಾತ್ರ. ಅಡುಗೆಮನೆಯಲ್ಲಿ "ಕ್", ಬಚ್ಚಲಲ್ಲಿ "ಟ್", ಊಟದ ಮೇಜಿನಲ್ಲಿ "ಪ್". ಗುಬ್ಬಿ ತುಟಿಪಿಟಕ್ಕೆನ್ನಲಿಲ್ಲ.

ಅಮ್ಮನ ಶ್ರದ್ಧೆಗೇನೂ ಕೊರತೆಯಿರಲಿಲ್ಲ. ಪಾಠಕ್ಕೆ ಮುಂಚೆ ಮಗುವಿಗೆ ಇಸ್ತ್ರಿ ಮಾಡಿದ ಫ್ರಾಕು, ಕಿಟಕಿಯ ಬೆಳಕಿಗೆ ಕುರ್ಚಿ, ಎದುರಿಗೆ ಸ್ಟ್ಯಾಂಡಿನ ಮೇಲೆ ಮೊಬೈಲು. ತನ್ನಂತೆ ಒದ್ದಾಡುವ ತಾಯಂದಿರು ಮೋಸಹೋಗಬಾರದೆಂದು ಪಾಠಗಳನ್ನೆಲ್ಲ ವಿಡಿಯೋ ಮಾಡಿ ಹಾಕುತ್ತಿದ್ದಳು. ಯಾವ ಪೆಟ್ಟಿಗೆ ಕೊಳ್ಳಬೇಕೆಂದು ಸಾವಿರಾರು ತಾಯಂದಿರು ಅವಳ ಬಾಯಿ ನೋಡುತ್ತಿದ್ದರು. ಪೆಟ್ಟಿಗೆ ಬಂದ ಕೂಡಲೇ ಅದರ ಕಂಪನಿಗೂ ಫೋನು ಹಚ್ಚುತ್ತಿದ್ದಳು.

"ಇಷ್ಟರಲ್ಲಿ ಆಗಲ್ಲ ಸಾರ್. ನನ್ನ ಮಗು ಕಷ್ಟಾನೂ ಸ್ವಲ್ಪ ನೋಡಿ."

ಬಾಲ್ಕನಿಯಿಂದ ಈ ಮಾತು ಕೇಳಿದಾಗಲೆಲ್ಲ ಅಜ್ಜಿ ಮರುಗುತ್ತಿದ್ದರು. ಸೊಸೆ ಎಷ್ಟೆಂದು ಹೋರಾಡುತ್ತಾಳೆ, ಪಾಪ!

ಒಂದು ಸಂಜೆ ಅಜ್ಜಿ ತಮ್ಮ ಕಣ್ಣಿನ ಔಷಧಿ ತರಲು ಗುಬ್ಬಿಗೆ ಹೇಳಿದರು. ಕಪಾಟಿನಲ್ಲಿ ಒಂದೇ ಥರದ ಎರಡು ಬಿಳಿ ಸೀಸೆ. ಒಂದು ಕಣ್ಣಿಗೆ, ಇನ್ನೊಂದು ಕಿವಿಗೆ. ಅಪ್ಪನಂಥ ಅಪ್ಪನಿಗೇ ಒಮ್ಮೆ ಅದಲುಬದಲಾಗಿತ್ತು. ಗುಬ್ಬಿ ಸರಿಯಾದದ್ದನ್ನೇ ತಂದಳು.

"ಅದೃಷ್ಟವಾದ್ರೂ ಇದೆಯಲ್ಲ ನನ್ನ ಕೂಸಿಗೆ," ಎಂದರು ಅಜ್ಜಿ.

ಗುಬ್ಬಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮ ಒಳಗಿಂದ ಕರೆದಳು.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಟ್ಟೆ ಸರಿಸಿದ. "ಸಾಕು ಮಾಡು. ಸೋಮವಾರ ಡಾಕ್ಟರಿಗೆ ತೋರ್ಸೋಣ. ಮಗು ತಲೆಯಲ್ಲೇ ಏನಾದ್ರೂ ತೊಂದ್ರೆ ಇದ್ರೆ?"

"ನಮ್ಮ ಕಡೆಯಿಂದಾನೇ ಬಂದಿರ್ಬೇಕು ಕಣೋ," ಎಂದು ಅಜ್ಜಿ ಬಿಕ್ಕಿದರು. "ನಂಗೂ ಓದು ತಲೆಗೆ ಹತ್ಲೇ ಇಲ್ಲ. ಕೂಸು ನನ್ನ ಥರಾನೇ ಆಗೋಯ್ತು."

ಗುಬ್ಬಿ ತುತ್ತು ಬಿಟ್ಟು ಅಜ್ಜಿಯನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲೂ ನೀರಿತ್ತು.

"ಇನ್ನೊಂದೇ ಪೆಟ್ಟಿಗೆ, ರೀ. ಅದೇ ಕೊನೇದು," ಎಂದಳು ಅಮ್ಮ.

ಕೊನೆಯದು ಕೆಂಪು. ಒಳಗೆ ಅವೇ ಕಾರ್ಡು, ಅವೇ ಸದ್ದು, ಹಾವಿನ ಬದಲು ಕಪ್ಪೆ. ಅಮ್ಮ ಬಾಲ್ಕನಿಗೆ ಹೋದಳು. ಈ ಸಲದ ಫೋನು ಬೇಗ ಮುಗಿಯಿತು. ಒಳಗೆ ಬಂದವಳ ಮುಖ ಊರಗಲವಾಗಿತ್ತು.

"ಅಳ್ಬೇಡಿ ಅತ್ತೆ. ಈ ಸಲ ಖಂಡಿತ ಕಲೀತಾಳೆ. ಮನಸ್ಸು ಹೇಳ್ತಿದೆ."

ಗುಬ್ಬಿಗೆ ಹೊಸ ಫ್ರಾಕು ತೊಡಿಸಿದಳು. ಪೆಟ್ಟಿಗೆಯ ಹೆಸರು ಮೊಬೈಲಿಗೆ ಕಾಣುವಂತೆ ತಿರುಗಿಸಿಟ್ಟು, ಮಗುವಿನ ಗಮನ ಚದುರಬಾರದೆಂದು ಬಾಗಿಲು ಹಾಕಿಕೊಂಡಳು. ಹೊರಗೆ ಅಪ್ಪ, ಅಜ್ಜಿ ಇಬ್ಬರೂ ಬಾಗಿಲಿಗೆ ಕಿವಿಗೊಟ್ಟು ನಿಂತರು. ಒಂದೇ ಒಂದು ಅಕ್ಷರ ಬಂದರೂ ಸಾಕಿತ್ತು ಅವರಿಗೆ.

ಒಳಗಿಂದ ಗುಬ್ಬಿಯ ದನಿ ಸ್ಪಷ್ಟವಾಗಿ ಕೇಳಿಸಿತು: "ಅಮ್ಮಾ, ಕೆಂಪು ಪೆಟ್ಟಿಗೆಯವ್ರು ದುಡ್ಡು ಕೊಟ್ರಾ? ಹಾಗಾದ್ರೆ ನಂಗೆ ಓದಕ್ಕೆ ಬರುತ್ತೆ ಅಂತ ಈಗ ಅಜ್ಜಿಗೆ ಹೇಳ್ಲಾ?"