ನಡುವಿನ ಕುರ್ಚಿ

ಕಾಫಿ ತೋಟದ ದೊರೆಯ ಬಂಗಲೆಗೆ ಮೈಸೂರಿನಿಂದ ಫೋಟೋದವನು ಬಂದಿದ್ದ. ದೊರೆ, ದೊರೆಸಾನಿ, ವರ್ಷದ ಮಗು, ಮೂವರೂ ಇರುವ ಚಿತ್ರ ಇಂಗ್ಲೆಂಡಿನಲ್ಲಿದ್ದ ದೊರೆಯ ತಾಯಿಗೆ ಹೋಗಬೇಕಿತ್ತು.

ಚಿತ್ರ ಸರಿಯಾಗಿ ಮೂಡಲು, ಹತ್ತು ಎಣಿಸುವವರೆಗೆ ಕ್ಯಾಮೆರಾದ ಮುಂದೆ ಯಾರೂ ಅಲುಗಾಡುವಂತಿರಲಿಲ್ಲ. ಆದರೆ ದೊರೆಸಾನಿ ಎತ್ತಿಕೊಂಡ ಕೂಡಲೇ ಮಗು ಚೀರುತ್ತಿತ್ತು. ಎರಡು ಸಲ ಚಿತ್ರ ಕೆಟ್ಟಿತು. ದೊರೆ ಬಟ್ಲರನಿಗೆ ಕಣ್ಸನ್ನೆ ಮಾಡಿದ.

ಬಟ್ಲರ, ಮಗುವನ್ನು ನೋಡಿಕೊಳ್ಳುವ ಆಯಾ ಕೆಂಪಿಯನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದ. ಅವಳು ಫೋಟೋದಲ್ಲಿ ಕಾಣಬಾರದೆಂದು ತಲೆಯ ಮೇಲಿಂದ ಹೂವಿನ ಪರದೆಯೊಂದನ್ನು ಇಳಿಬಿಟ್ಟು, ತೊಡೆಯ ಮೇಲೆ ಮಗುವನ್ನಿಟ್ಟ. ಮಗು ಪರದೆಗೆ ಕೆನ್ನೆಯೊತ್ತಿ ಸುಮ್ಮನಾಯಿತು.

"ಕೆಂಪೀ, ಅಲ್ಲಾಡಬ್ಯಾಡ. ಈಗ ನೀನೇ ಕುರ್ಚಿ ಅಂದ್ಕೊ."

"ಹೂಂ," ಎಂದಿತು ಪರದೆ.

ಫೋಟೋದವನಿಗೆ ಯಾಕೋ ಸರಿಬೀಳಲಿಲ್ಲ. ಬಟ್ಲರನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ದೊರೆಸಾನಿ ಕೈಲಿ ಇನ್ನೊಂದ್ಸಲ ಕೊಟ್ಟು ನೋಡೋಣ್ವಾ? ಇಂಥ ಫೋಟೋದಲ್ಲಿ ಮಗು ತಾಯಿ ತೊಡೆ ಮೇಲಿದ್ರೇನೇ ಚೆಂದ."

ದೊರೆಸಾನಿ ಬೀಸಣಿಗೆ ಮಡಚಿಟ್ಟು ಕ್ಯಾಮೆರಾದತ್ತ ಮುಖ ಮಾಡಿದಳು. ಬಟ್ಲರ ಬಗ್ಗಿ, ಪರದೆಯ ಅಂಚೆಳೆದು ಆಯಾಳ ಬರಿಗಾಲುಗಳನ್ನು ಮುಚ್ಚಿದ.

"ತಾಯಿ ತೊಡೆ ಮೇಲೇ ಐತೆ, ಸಾಮಿ. ನೀವು ತೆಗೀರಿ."