ಹೆಸರು ಹೊಂದದವಳು

"ಇದನ್ನ ಬರ್ದಿದ್ದು ಯಾರು?" ಚಹಾದ ಬಟ್ಟಲನ್ನು ಕೆಳಗಿಡದೆಯೇ ಮೈನಿರ್ ಕೇಳಿದಳು. ಭಾನುವಾರದ ಪ್ರಾರ್ಥನೆ ಮುಗಿಸಿ ಚಾಪೆಲ್ಲಿನ ಹಿಂಕೋಣೆಯಲ್ಲಿ ಸೇರಿದ್ದವರೆಲ್ಲ ಗೋಡೆಯತ್ತ ತಿರುಗಿದರು. ಅವಳ ದಾಯಾದಿ ಇದ್ವಲ್ ರಾಬರ್ಟ್ಸ್ ಎರಡು ವರ್ಷ ಹುಡುಕಾಡಿ ತಯಾರಿಸಿದ ವಂಶವೃಕ್ಷ ಅಲ್ಲಿತ್ತು. ಆರು ತಲೆಮಾರು ಹಿಂದಿನ ರಾಬರ್ಟ್ ಹ್ಯೂ ಪಕ್ಕದಲ್ಲಿ ಕಾತ್ರಿನ್ ರೀಸ್ ಎಂಬ ಹೆಸರು. ಅದರ ಕೆಳಗೆ ಕೆಂಪು ಶಾಯಿಯಲ್ಲಿ, 'ಮದುವೆಯಾದವಳಲ್ಲ'.

"ನಾನೇ. ಸಿಟ್ಟಾಗ್ಬೇಡ ಮಾರಾಯ್ತಿ, ಗಂಡನ ಹೆಸರೇ ಇಟ್ಕೊಂಡಿಲ್ವಲ್ಲ ಅವ್ಳು," ಎಂದ ಇದ್ವಲ್. "ಇಟ್ಕೊಂಡಿದ್ರೆ ಹೆಂಡ್ತಿ, ಇಲ್ದಿದ್ರೆ ಇನ್ನೇನೋ." ಯಾರೋ ಕಿಸಕ್ಕೆಂದರು.

ಕಾತ್ರಿನ್ ಎಂದೇ ಮಗಳಿಗೆ ಹೆಸರಿಟ್ಟಿದ್ದ ಮೈನಿರ್ ಬಟ್ಟಲು ಹಿಡಿದೇ ಗೋಡೆಯ ಬಳಿ ಬಂದಳು. "ಹನ್ನೊಂದು ಹೆತ್ತು, ಈ ಗೋಡೆಗೆ ಕಲ್ಲು ಹೊತ್ತವಳು ಕಣೋ ಅವಳು. ಆಗ ಯಾವ ಹೆಂಗಸೂ ಗಂಡನ ಹೆಸರು ಇಟ್ಕೊಳ್ತಿರ್ಲಿಲ್ಲ. ಗಂಡಾಗ್ಲಿ ಹೆಣ್ಣಾಗ್ಲಿ, ಅಪ್ಪನ ಹೆಸರೇ ಕೊನೇ ಹೆಸರು. ಅವಳಪ್ಪ ರೀಸ್, ಅದಕ್ಕೆ ಸಾಯೋವರೆಗೂ ಕಾತ್ರಿನ್ ರೀಸ್."

"ಹೆಸರಿಗೆ ಹೆಸರು ಹೊಂದದಿದ್ರೆ ನಮ್ಮೋರಲ್ಲ. ನನ್ನ ನಿಯಮ ಅಷ್ಟೇ."

ಮೈನಿರ್ ಬಟ್ಟಲಿಟ್ಟು, ಅವನ ಜೇಬಿನಿಂದ ಕೆಂಪು ಪೆನ್ನನ್ನು ಎಳೆದು ಅವನ ಕೈಗೇ ತುರುಕಿದಳು. "ಸರಿ, ಬರಿ. ರಾಬರ್ಟ್ ಹ್ಯೂ ಮಗ ಒವೈನ್ ರಾಬರ್ಟ್. ಅಪ್ಪನ ಹೆಸರಿನ ಕೊನೇಲಿ ಹ್ಯೂ, ಮಗನ ಹೆಸರಿನ ಕೊನೇಲಿ ರಾಬರ್ಟ್. ಹೊಂದ್ತಾ? ಹೊಡಿ ಗೀಟು. ಅವನ ಕೆಳಗಿರೋರನ್ನೂ ಹೊಡಿ."

ಇದ್ವಲ್‌ನ ಕಣ್ಣು ಒವೈನ್‌ನಿಂದ ಗೆರೆ ಹಿಡಿದು ಇಳಿಯುತ್ತ ಬಂದು, ಕಟ್ಟಕಡೆಗೆ, ದಪ್ಪಕ್ಷರದಲ್ಲಿ ತಾನೇ ಬರೆದುಕೊಂಡಿದ್ದ ತನ್ನ ಹೆಸರಿನ ಮೇಲೆ ನಿಂತಿತು.