ವಾರಕ್ಕೆ ಎಷ್ಟು ದಿನ?

ಹೊಲಿಗೆ ಮಿಷನ್ ರಿಪೇರಿಯವನ ಬೆರಳು ‘ಬ್ಲಾಗ್ ಅಳಿಸಿ’ ಎಂಬ ಬಟನ್ ಮೇಲಿದ್ದಾಗಲೇ ಅಕ್ಕನ ಫೋನ್ ಬಂತು. ಹಳೆಯ ಮಿಷನ್‌ಗಳ ಬಗ್ಗೆ ಹನ್ನೊಂದು ತಿಂಗಳು ತಲೆ ಕೆಡಿಸಿಕೊಂಡು ಬರೆದಿದ್ದ. ಒಬ್ಬರಾದರೂ ಒಂದು ಸಾಲಿನ ಕಾಮೆಂಟು ಹಾಕಿರಲಿಲ್ಲ. ತನಗೆ ಬರೆಯಲು ಬರುವುದಿಲ್ಲ ಎಂದು ಅವತ್ತು ಬೆಳಿಗ್ಗೆ ತೀರ್ಮಾನಿಸಿದ್ದ.

“ಲೋ, ನಿನ್ನ ಬ್ಲಾಗು ನನ್ನನ್ನ ಮನುಷ್ಯಳೇ ಅಲ್ಲ ಅಂತಿದೆ ಕಣೋ!”

“ಭಾವ ಹೇಳಿಕೊಟ್ಟಿರಬೇಕು ಬಿಡು.”

“ತಮಾಷೆ ಸಾಕು. ನಾಲ್ಕು ಸಲ ಕಾಮೆಂಟು ಬರೆದೆ. ಪ್ರತಿ ಸಲ ‘ನೀವು ಮನುಷ್ಯರೇ? ವಾರಕ್ಕೆ ಎಷ್ಟು ದಿನ?’ ಅಂತ ಕೇಳುತ್ತೆ, ಏಳು ಅಂದ್ರೆ ಬಾಗಿಲು ಹಾಕುತ್ತೆ. ನಿನ್ನ ಲೆಕ್ಕದಲ್ಲಿ ಎಷ್ಟಪ್ಪಾ?”

ಕಸದ ಕಾಮೆಂಟು ಸುರಿಯುವ ಯಂತ್ರಗಳನ್ನು ತಡೆಯಲು ಆ ಪ್ರಶ್ನೆಯನ್ನು ಅವನೇ ಇಟ್ಟಿದ್ದ. “ಆರು,” ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ‘ಒಂದು ವಾರ ಬಿಟ್ಟು ಬನ್ನಿ’ ಎನ್ನುತ್ತಾ, ಭಾನುವಾರದ ರಜೆ ಬಿಟ್ಟು ಆರೇ ದಿನ ಎಣಿಸಿಕೊಂಡು ಬಂದವನು, ಸರಿಯುತ್ತರದ ಜಾಗದಲ್ಲೂ ಅದನ್ನೇ ಒತ್ತಿದ್ದ.

“ಅಯ್ಯೋ ನಿನ್ನ! ಭಾನುವಾರ ನಾವ್ಯಾರೂ ಬದುಕಿರಲ್ವೇನೋ?”

ಅವನು ಈವರೆಗೆ ತೆರೆದೇ ನೋಡದ ‘ತಿರಸ್ಕೃತ’ ಎಂಬ ಪೆಟ್ಟಿಗೆಯನ್ನು ಒತ್ತಿದ. ನಲವತ್ತಮೂರು ಕಾಮೆಂಟುಗಳಿದ್ದವು. ಎಲ್ಲರ ಉತ್ತರವೂ ಏಳು. ಎಲ್ಲಕ್ಕಿಂತ ಹಳೆಯದು ಹತ್ತು ತಿಂಗಳ ಹಿಂದಿನದು: ‘ನೀವು ಬರೆದಂತೆ ಮಾಡಿದೆ, ಅಮ್ಮನ ಮಿಷನ್ ಓಡಿತು. ಈಗ ದಾರ ತುಂಡಾಗುತ್ತಿದೆ. ಏನು ಮಾಡಲಿ? ಸ್ವಲ್ಪ ಬೇಗ ಹೇಳಿ.’

“ಅಕ್ಕಾ, ಫೋನಿಡು,” ಎಂದ. “ಒಬ್ಬರು ಹತ್ತು ತಿಂಗಳಿಂದ ಕಾಯ್ತಿದ್ದಾರೆ.”